ಹೆಲಿಕಾಪ್ಟರ್ ಬ್ಯಾಟರಿ: ಬಜರ್ ನಂಬಬೇಕೋ, ಟೈಮರ್ ನಂಬಬೇಕೋ?

ಪ್ರಶ್ನೆ: 450 ಸೈಜಿನ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಹೆಲಿಕಾಪ್ಟರ್ ಹಾರಿಸುತ್ತೇನೆ. ಬ್ಯಾಟರಿ 3ಎಸ್ (ಮೂರು ಸೆಲ್ಲಿನದು), 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್). ಪ್ಯಾಕಿಗೆ ಸಿಕ್ಕಿಸುವ ಚಿಕ್ಕ ಬಜರನ್ನು (ಸೆಲ್‌ಗಳ ವೋಲ್ಟ್ ತೋರಿಸಿ, ಗಡಿಗಿಂತ ಇಳಿದರೆ ಕೂಗುವ ಸಾಧನ) ಸೆಲ್ಲಿಗೆ 3.5 ವೋಲ್ಟ್‌ಗೆ ಇಟ್ಟಿದ್ದೇನೆ, ಅದು ಕೂಗಿದ ಕೂಡಲೇ ಇಳಿಸುತ್ತೇನೆ. ಆದರೂ ಆರೇ ತಿಂಗಳಲ್ಲಿ ಪ್ಯಾಕ್ ಉಬ್ಬಿದೆ. ಹಾಗಾದರೆ ಎಷ್ಟು ವೋಲ್ಟ್‌ಗೆ ಇಳಿಸಬೇಕು?

ಉತ್ತರ: ಹಾರಾಟದಲ್ಲಿ ವೋಲ್ಟಿನ ಲೆಕ್ಕ ಬಿಡಿ, ನಿಮಿಷದ ಲೆಕ್ಕ ಹಿಡಿಯಿರಿ.

ಅಡುಗೆಮನೆಯ ಗ್ಯಾಸ್ ಸಿಲಿಂಡರ್ ನೆನಪಿಸಿಕೊಳ್ಳಿ. ಖಾಲಿಯಾಗುವ ಹಿಂದಿನ ದಿನವೂ ಉರಿ ಹಾಗೇ ಇರುತ್ತದೆ, ಆಮೇಲೆ ದೋಸೆ ಕಾವಲಿಯ ಮೇಲಿರುವಾಗಲೇ ಆರಿಹೋಗುತ್ತದೆ. ಲಿಪೊ ಸೆಲ್ಲೂ ಅಷ್ಟೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಮಧ್ಯದ ಬಹುಭಾಗ 3.7, 3.8ರ ಸುತ್ತಲೇ ಸುಳಿದಾಡಿ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. 3 ವೋಲ್ಟ್‌ಗಿಂತ ಕೆಳಗಿಳಿದರೆ ಸೆಲ್‌ಗೆ ಪೆಟ್ಟು ಬಿತ್ತೆಂದೇ ಲೆಕ್ಕ.

ಇದರ ಮೇಲೆ ಇನ್ನೊಂದು ತೊಡಕಿದೆ. ಒಂದು ಸೆಲ್ಲಿನ ಒಳರೋಧ 5 ಮಿಲಿಓಮ್ ಅಂದುಕೊಳ್ಳಿ. ಕಲೆಕ್ಟಿವ್ (ರೋಟರ್ ರೆಕ್ಕೆಗಳ ಓರೆ ಹೆಚ್ಚಿಸುವ ಕಡ್ಡಿ) ಜಗ್ಗಿ ಮೇಲೇರಿಸುವಾಗ 40 ಆಂಪ್ ಎಳೆದರೆ 0.2 ವೋಲ್ಟ್ ಅಲ್ಲೇ ತಗ್ಗುತ್ತದೆ. ಅರ್ಧ ತುಂಬಿದ ಪ್ಯಾಕೂ ಆಗ ಬಜರಿನ ಗಡಿ ಮುಟ್ಟಬಹುದು. ಅದೇ ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೇ ಕಡೆ ನಿಂತಿರುವಾಗ) 12 ಆಂಪ್ ಎಳೆದರೆ ತಗ್ಗುವುದು 0.06 ಮಾತ್ರ. ಪ್ಯಾಕ್‌ನಲ್ಲಿ ಶೇ. 10 ಕೂಡ ಉಳಿದಿರುವುದಿಲ್ಲ, ಬಜರ್ ಮಾತ್ರ ಸುಮ್ಮನಿರುತ್ತದೆ. ನಿಮ್ಮದು ಹೆಚ್ಚಾಗಿ ಹೋವರ್ ಅಭ್ಯಾಸವೇ ಆಗಿದ್ದರೆ, ಪ್ಯಾಕ್ ಉಬ್ಬಿದ್ದು ಹೀಗೆಯೇ ಇರಬೇಕು.

ಗವರ್ನರ್ ಮೋಡ್ ಹಾಕಿದ್ದರೆ ಇನ್ನೂ ಮೋಸ. ವೋಲ್ಟೇಜ್ ಇಳಿದಷ್ಟೂ ಅದು ಥ್ರಾಟಲ್ ಹೆಚ್ಚಿಸಿ ರೋಟರ್ ವೇಗ ಹಿಡಿದಿಡುತ್ತದೆ, ನಿಮ್ಮ ಕೈಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಇಎಸ್‌ಸಿಯ (ಮೋಟರ್ ವೇಗ ನಿಯಂತ್ರಿಸುವ ಸಾಧನದ) ಕಟ್‌ಆಫ್, ಅಂದರೆ ವೋಲ್ಟೇಜ್ ತೀರಾ ಇಳಿದಾಗ ಮೋಟರ್‌ಗೆ ಶಕ್ತಿ ತಡೆಯುವ ವ್ಯವಸ್ಥೆ, ಇದೆಯಲ್ಲ ಅನ್ನಬೇಡಿ. ವಿಮಾನವಾದರೆ ಮೋಟರ್ ನಿಂತರೂ ತೇಲಿಕೊಂಡು ಬರುತ್ತದೆ. ಹೆಲಿಕಾಪ್ಟರ್‌ಗೆ ಆಟೊರೊಟೇಶನ್ (ಬೀಳುವಾಗಿನ ಗಾಳಿಯಿಂದಲೇ ರೋಟರ್ ತಿರುಗಿಸಿಕೊಂಡು ಇಳಿಯುವುದು) ಬಿಟ್ಟರೆ ಗತಿಯಿಲ್ಲ, ಹತ್ತಡಿ ಎತ್ತರದಲ್ಲಿ ಅದಕ್ಕೂ ಸಮಯ ಸಿಗದು. ಕಟ್‌ಆಫನ್ನು ಸಾಫ್ಟ್‌ಗೆ (ಒಮ್ಮೆಲೇ ನಿಲ್ಲಿಸದೆ ಮೆಲ್ಲಗೆ ಶಕ್ತಿ ತಗ್ಗಿಸುವಂತೆ) ಇಟ್ಟು, ಅದಿದೆ ಎಂಬುದನ್ನೇ ಮರೆತುಬಿಡಿ.

ಈಗ ನಿಮಿಷದ ಲೆಕ್ಕ. ಪೂರ್ತಿ ಚಾರ್ಜ್ ಮಾಡಿದ ಪ್ಯಾಕ್ ಹಾಕಿ, ಎಂದಿನಂತೆ ಹಾರಿಸಿ, 3 ನಿಮಿಷಕ್ಕೆ ಇಳಿಸಿ. ಮತ್ತೆ ಚಾರ್ಜ್‌ಗೆ ಹಾಕಿದಾಗ ಎಷ್ಟು ಎಂಎಎಚ್ ಒಳಗೆ ಹೋಯಿತೆಂದು ಚಾರ್ಜರ್ ತೋರಿಸುತ್ತದೆ. 930 ಬಂತೆನ್ನಿ: ನಿಮಿಷಕ್ಕೆ 310. ಪ್ಯಾಕಿನ ಶೇ. 80ಕ್ಕಿಂತ ಹೆಚ್ಚು ಬಳಸಬಾರದೆಂಬುದು ಹಾರಿಸುವವರೆಲ್ಲ ಪಾಲಿಸುವ ರೂಢಿ. 2200ರಲ್ಲಿ ಅದು 1760. ಭಾಗಿಸಿದರೆ ಐದೂಮುಕ್ಕಾಲು ನಿಮಿಷಕ್ಕೆ ಸ್ವಲ್ಪ ಕಮ್ಮಿ. ನಾನಾದರೆ ಟೈಮರ್ 5 ನಿಮಿಷ 15 ಸೆಕೆಂಡಿಗೆ ಇಡುತ್ತೇನೆ. ಟೈಮರ್ ಕೂಗಿದಾಗ ಹೆಲಿ ಮೈದಾನದ ಆ ತುದಿಯಲ್ಲೇ ಇರುವುದು ವಾಡಿಕೆ. ಅದನ್ನು ಕರೆತಂದು ನಿಧಾನವಾಗಿ ಇಳಿಸಲು ಅರ್ಧ ನಿಮಿಷ ಬೇಕೇ ಬೇಕು. ರಿಮೋಟ್‌ನಲ್ಲಿರುವ ಟೈಮರನ್ನು ಥ್ರಾಟಲ್ ಹೋಲ್ಡ್ ಸ್ವಿಚ್‌ಗೆ (ಮೋಟರ್ ತಡೆದು, ಹಾರಿಸುವಾಗ ಬಿಡುವ ಸ್ವಿಚ್) ಜೋಡಿಸಿದರೆ ಒತ್ತಲು ಮರೆಯುವ ಪ್ರಶ್ನೆಯೇ ಇಲ್ಲ.

ಇಳಿಸಿ ಹತ್ತು ನಿಮಿಷ ಬಿಟ್ಟು, ಬ್ಯಾಲೆನ್ಸ್ ವೈರಿನಲ್ಲಿ (ಪ್ಯಾಕಿನ ಪ್ರತಿ ಸೆಲ್ಲಿಗೂ ತಗುಲಿರುವ ತೆಳು ವೈರು) ಒಂದೊಂದು ಸೆಲ್ಲನ್ನೂ ನೋಡಿ. ಬಜರಿಗೆ ನಿಜವಾದ ಕೆಲಸ ಇಲ್ಲಿದೆ. 3.75ರ ಆಸುಪಾಸು ಇದ್ದರೆ ಸರಿ. 3.7ಕ್ಕಿಂತ ಕೆಳಗಿದ್ದರೆ ಟೈಮರಿನಿಂದ ಅರ್ಧ ನಿಮಿಷ ಕಳೆಯಿರಿ. ಒಟ್ಟು ಮೊತ್ತವನ್ನಷ್ಟೇ ನೋಡಬೇಡಿ: 11.1 ಎಂದು ಚೆನ್ನಾಗಿಯೇ ಕಾಣುತ್ತದೆ, ಒಳಗೆ 3.8, 3.8, 3.5 ಇರುತ್ತದೆ. ಸಾಯುವುದು ಆ ಮೂರನೆಯದೇ. ಪ್ಯಾಕ್ ಹಳತಾದಂತೆ, ಹಾರಿಸುವ ಶೈಲಿ ಬದಲಾದಂತೆ ಲೆಕ್ಕ ಮತ್ತೆ ಹಾಕಬೇಕು. ಡಿಸೆಂಬರಿನ ಬೆಂಗಳೂರಿನ ಬೆಳಗಿನ ಚಳಿಗೂ ಒಳರೋಧ ಏರುತ್ತದೆ. ನಾನು ಪ್ಯಾಕನ್ನು ಜರ್ಕಿನ್ ಜೇಬಿನಲ್ಲಿ ಬೆಚ್ಚಗಿಟ್ಟುಕೊಂಡೇ ಮೈದಾನಕ್ಕೆ ಹೋಗುವುದು.

ಹೆಚ್ಚು ಡಿಸ್‌ಚಾರ್ಜ್ ಆಗುವುದು ಆಕಾಶದಲ್ಲೇ ಅಂತೇನಿಲ್ಲ. ಒಮ್ಮೆ ಹಾರಿಸಿ ಬಂದವನು ಪ್ಯಾಕ್ ಕಳಚಲು ಮರೆತು ಮಲಗಿದೆ. ರಾತ್ರಿಯಿಡೀ ರಿಸೀವರ್, ಸರ್ವೊಗಳು ಹೀರಿದ್ದವು. ಬೆಳಗ್ಗೆ ನೋಡಿದರೆ ಸೆಲ್ಲಿಗೆ 0.9 ವೋಲ್ಟ್, ಪ್ಯಾಕ್ ಪೂರಿಯ ಹಾಗೆ ಊದಿತ್ತು. ಚಾರ್ಜರ್ ಒಪ್ಪಲಿಲ್ಲ. ನಿಕಲ್ ಮೋಡ್‌ಗೆ (ಬೇರೆ ಬಗೆಯ, ನಿಕಲ್ ಬ್ಯಾಟರಿಗಳ ಸೆಟ್ಟಿಂಗ್) ಹಾಕಿ ಚಾರ್ಜರನ್ನು ಏಮಾರಿಸಬಹುದೆಂದು ಹೇಳುವವರಿದ್ದಾರೆ, ಕಿವಿಗೊಡಬೇಡಿ. ಅಷ್ಟು ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮರಳಿ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಶಾರ್ಟ್ ಆಗಬಹುದು, ಬೆಂಕಿಯೂ ಹೊತ್ತಬಹುದು.

ಇನ್ನೊಂದು ಅನುಮಾನವೂ ಇದೆ. ಭಾನುವಾರಕ್ಕೆಂದು ಶನಿವಾರವೇ ಫುಲ್ ಚಾರ್ಜ್ ಮಾಡುತ್ತೀರಿ, ಮಳೆ ಬರುತ್ತದೆ, ಪ್ಯಾಕ್ ಮುಂದಿನ ವಾರದವರೆಗೂ 4.2ರಲ್ಲೇ ಬಿದ್ದಿರುತ್ತದೆ. ಇದರಿಂದಲೂ ಉಬ್ಬುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಇಡುವುದಾದರೆ ಚಾರ್ಜರಿನ ಸ್ಟೋರೇಜ್ ಮೋಡ್‌ನಲ್ಲಿ ಸೆಲ್ಲಿಗೆ 3.8, 3.85ಕ್ಕೆ ತನ್ನಿ.

ಈಗ ಉಬ್ಬಿರುವ ಪ್ಯಾಕನ್ನು ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ, ಸೂಜಿ ಚುಚ್ಚಲೂಬೇಡಿ. ಮನೆಯ ಹೊರಗೆ ಕಣ್ಣೆದುರಿಗೇ ಇಟ್ಟುಕೊಂಡು, ಕಾರಿನ ಹಳೇ ಬಲ್ಬೊಂದನ್ನು ಜೋಡಿಸಿ ಪೂರ್ತಿ ಖಾಲಿ ಮಾಡಿ, ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.