ಬಡ್ಡಿ ಇಳಿದಾಗ ಪಾಲಿಸಿಯ ಬೆಲೆ

ಕಾಫಿ ಮಂಡಳಿಯ ಪೂಲ್ ಪದ್ಧತಿ ಕೊಡಗಿನ ಹಿರಿಯ ಬೆಳೆಗಾರರಿಗೆ ಇನ್ನೂ ನೆನಪಿದೆ. ಕಾಫಿ ಒಪ್ಪಿಸಿದಾಗ ಕೈಗೆ ಬರುತ್ತಿದ್ದುದು ಮುಂಗಡ ಮಾತ್ರ. ಉಳಿದ ಹಣ ಮಾರಾಟವಾದಂತೆಲ್ಲ ಕಂತುಗಳಲ್ಲಿ ಬರುತ್ತಿದ್ದುದರಿಂದ ಆ ವರ್ಷದ ಫಸಲು ಎಷ್ಟು ಬಾಳಿತೆಂಬುದು ಕೊನೆಯ ಕಂತಿನ ತನಕ ತಿಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಪೂಲ್ ಕೊನೆಗೊಂಡಿತು. ಅದೇ ಮನೆಗಳ ಬೀರುವಿನಲ್ಲಿರುವ ಲಾಭಸಹಿತ ಜೀವವಿಮಾ ಪಾಲಿಸಿಯ, ಅಂದರೆ ಲಾಭದಲ್ಲಿ ಬೋನಸ್ ರೂಪದ ಪಾಲು ಕೊಡುವ ಪಾಲಿಸಿಯ, ಸ್ಥಿತಿ ಇಂದಿಗೂ ಸುಮಾರಾಗಿ ಅದೇ: ಒಟ್ಟು ಎಷ್ಟು ಸಿಗುವುದೆಂಬುದು ಕೊನೆಯ ತನಕ ತಿಳಿಯದು.

ತೊಡಕಿನ ಮೂಲ ಬಡ್ಡಿದರದಲ್ಲಿದೆ. 20 ವರ್ಷಗಳ ಬಳಿಕ 10 ಲಕ್ಷ ರೂಪಾಯಿ ಕೊಡುವೆನೆಂದು ಮಾತು ಕೊಟ್ಟ ಕಂಪನಿ, ಹೂಡಿಕೆಗೆ ಶೇ 12 ಬಡ್ಡಿ ಸಿಗುವುದಾದರೆ ಇಂದು ಸುಮಾರು 1.04 ಲಕ್ಷ ತೆಗೆದಿಟ್ಟರೆ ಸಾಕು. ಶೇ 6 ಮಾತ್ರ ಸಿಕ್ಕರೆ 3.12 ಲಕ್ಷ ಬೇಕು. ಭಾರತದಲ್ಲಿ ಹತ್ತು ವರ್ಷದ ಸರ್ಕಾರಿ ಸಾಲಪತ್ರದ ಇಳುವರಿ 1990ರ ದಶಕದ ನಡುವೆ ಶೇ 13ರ ಆಸುಪಾಸಿನಲ್ಲಿದ್ದುದು 2003ರ ಕೊನೆಗೆ ಶೇ 5ರ ಸಮೀಪಕ್ಕೆ ಕುಸಿದಿತ್ತು. ಹಳೆಯ ದರವನ್ನೇ ಹಿಡಿದು ಹೊಣೆಯನ್ನು ಲೆಕ್ಕ ಹಾಕುವವರಿಗೆ ಇಂಥ ಕುಸಿತ ಪುಸ್ತಕದಲ್ಲಿ ಕಾಣುವುದೇ ಇಲ್ಲ. ಜಪಾನಿನಲ್ಲಿ, ಬಡ್ಡಿ ಹೆಚ್ಚಿದ್ದ ಕಾಲದಲ್ಲಿ ಕೊಟ್ಟ ಭರವಸೆಗಳ ಭಾರಕ್ಕೆ 1997ರಲ್ಲಿ ನಿಸ್ಸಾನ್ ಮ್ಯೂಚುವಲ್ ಲೈಫ್ ಮುರಿದುಬಿತ್ತು. ನಂತರದ ನಾಲ್ಕು ವರ್ಷಗಳಲ್ಲಿ ಇನ್ನೂ ಆರು ಸಂಸ್ಥೆಗಳು ಅದೇ ದಾರಿ ಹಿಡಿದವು.

ಕಂಪನಿಯ ಸಾಧನೆಯನ್ನು ಅಳೆಯುವ ಪ್ರಶ್ನೆ ಅಮೆರಿಕದಲ್ಲಿ ಮೊದಲೇ ಎದ್ದಿತ್ತು. ಬಡ್ಡಿಯೊಡನೆ ಏರಿಳಿಯುವ ಯೂನಿವರ್ಸಲ್ ಲೈಫ್ ಪಾಲಿಸಿಗಳು ಅಲ್ಲಿ ಹರಡಿದ ಮೇಲೆ, 1987ರ ಲೆಕ್ಕಪತ್ರ ಮಾನದಂಡವೊಂದು ಗ್ರಾಹಕ ಕಟ್ಟಿದ ಕಂತನ್ನು ಠೇವಣಿಯಂತೆ ಕಾಣಬೇಕೆಂದೂ, ಮರಣ ರಕ್ಷಣೆಯ ವೆಚ್ಚ, ಆಡಳಿತ ಶುಲ್ಕ, ಅವಧಿಗೆ ಮುನ್ನ ಪಾಲಿಸಿ ಬಿಟ್ಟಾಗ ಹಿಡಿಯುವ ಸರೆಂಡರ್ ಶುಲ್ಕಗಳನ್ನಷ್ಟೇ ಆದಾಯವೆಂದು ತೋರಿಸಬೇಕೆಂದೂ ವಿಧಿಸಿತು. ಕಂತಿನ ಮೊತ್ತವನ್ನೇ ಬೆಳವಣಿಗೆಯೆಂದು ಮೆರೆಸುವ ನಮ್ಮ ಜಾಹೀರಾತುಗಳನ್ನು ನೋಡಿದಾಗ ಆ ನಿಯಮ ನನಗೆ ಬಹಳ ವಿವೇಕದ್ದೆನಿಸುತ್ತದೆ.

ಅಳತೆಗೋಲು ಎಷ್ಟು ಹೇಳುತ್ತದೆ ಎಂಬುದಕ್ಕೆ ಎಲ್‌ಐಸಿಯೇ ಸಾಕ್ಷಿ. 2021ರ ಮಾರ್ಚ್‌ನಲ್ಲಿ 95,605 ಕೋಟಿ ರೂಪಾಯಿ ಇದ್ದ ಅದರ ಎಂಬೆಡೆಡ್ ವ್ಯಾಲ್ಯೂ, ಅಂದರೆ ಷೇರುದಾರರ ಸ್ವತ್ತಿನೊಡನೆ ಚಾಲ್ತಿ ಪಾಲಿಸಿಗಳಿಂದ ಮುಂದೆ ಅವರಿಗೆ ಬರಬಹುದಾದ ಲಾಭವನ್ನೂ ಕೂಡಿಸಿದ ಇಂದಿನ ಬೆಲೆ, ಅದೇ ಸೆಪ್ಟೆಂಬರ್‌ನಲ್ಲಿ 5,39,686 ಕೋಟಿಯಾಯಿತು. ಪಾಲಿಸಿಗಳು ಬಹುಪಾಲು ಅವೇ. ಲಾಭಸಹಿತ ಮತ್ತು ಲಾಭರಹಿತ ಪಾಲಿಸಿಗಳ ನಿಧಿಯನ್ನು ಬೇರ್ಪಡಿಸಿ, ಎರಡನೆಯದರ ಮಿಗತೆಯನ್ನು ಷೇರುದಾರರಿಗೆ ಬಿಟ್ಟುಕೊಟ್ಟದ್ದೇ ಈ ಜಿಗಿತಕ್ಕೆ ಮುಖ್ಯ ಕಾರಣ.

2023ರ ಜನವರಿ 1ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 17, ಹೊಣೆಯನ್ನು ಪ್ರತಿ ಬಾರಿಯೂ ಆಗಿನ ಬಡ್ಡಿದರದಲ್ಲೇ ಅಳೆಯಬೇಕೆನ್ನುತ್ತದೆ; ಪಾಲಿಸಿ ಮಾರಿದ ದಿನವೇ ಲಾಭ ತೋರಿಸಲು ಬಿಡದೆ, ರಕ್ಷಣೆ ನೀಡುವ ವರ್ಷಗಳ ಮೇಲೆ ಅದನ್ನು ಹಂಚಿಸುತ್ತದೆ.