ಹಾಡಿನ ಮುತ್ತು ಸುಡುವುದೇಕೆ?

ಪ್ರೇಮಗೀತೆಯ ಮೊದಲ ಚರಣದಲ್ಲಿ ಕೆಂಡವಾಗಿದ್ದ ಮುತ್ತು, ಅಗಲಿಕೆಯ ಚರಣಕ್ಕೆ ಬರುವಷ್ಟರಲ್ಲಿ ಗಾಯವಾಗಿರುತ್ತದೆ. ಇದನ್ನು ಬರೀ ಕವಿಸಮಯ ಎಂದು ತಳ್ಳಿಹಾಕುವಂತಿಲ್ಲ.

ತುಟಿಯ ಕೆಂಪು ಭಾಗದಲ್ಲಿ ಹೊರಚರ್ಮದ ಗಡಸು ಪದರ ತೀರಾ ತೆಳು. ಅಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿಗಳಿಲ್ಲ. ಅಡಿಯಲ್ಲಿ ಹರಿಯುವ ರಕ್ತವೇ ಅದರ ಬಣ್ಣ. ಸ್ಪರ್ಶ, ಬಿಸಿ, ನೋವು ಮೂರನ್ನೂ ಅಲ್ಲಿಂದ ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ನರ: ಮೇಲ್ದುಟಿಗೆ ಅದರ ಎರಡನೇ ಕವಲು, ಕೆಳದುಟಿಗೆ ಮೂರನೆಯದು. 1930ರ ದಶಕದಲ್ಲಿ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಸ್ಪರ್ಶದ ನಕ್ಷೆ ಗುರುತಿಸಿದಾಗ, ತುಟಿಗಳ ಪಾಲಿಗೆ ಬಂದ ಜಾಗ ಇಡೀ ಮುಂಡದ ಪಾಲಿಗಿಂತ ಹೆಚ್ಚಿತ್ತು.

ಇನ್ನು ಗಾಯದ ಮಾತು. 2011ರಲ್ಲಿ ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು, ಹಿಂದಿನ ಆರು ತಿಂಗಳಲ್ಲಿ ಪ್ರೀತಿ ಮುರಿದುಬಿದ್ದಿದ್ದ 40 ಜನರಿಗೆ ಬಿಟ್ಟುಹೋದವರ ಫೋಟೊ ತೋರಿಸಿದರು. ಬೇರೆ ಸರದಿಯಲ್ಲಿ ಮುಂಗೈಗೆ ನೋಯುವಷ್ಟು ಬಿಸಿ ತಾಗಿಸಿದರು. ಮೈನೋವಿಗೆ ಮಿಡಿಯುವ ಮಿದುಳಿನ ಕೆಲವು ಭಾಗಗಳು ಫೋಟೊ ನೋಡಿದಾಗಲೂ ಚುರುಕಾದವು. ಹಾಗೆಂದು ಎರಡೂ ಒಂದೇ ನೋವು ಎಂದುಬಿಟ್ಟರೆ ತಪ್ಪಾದೀತು. ಅದೇ ಭಾಗಗಳೊಳಗೆ ಇವೆರಡರ ಚಟುವಟಿಕೆಯ ಮಾದರಿಗಳು ಬೇರೆಬೇರೆ ಎಂದು 2014ರ ವಿಶ್ಲೇಷಣೆಯೊಂದು ತೋರಿಸಿತು. ಜಾಗ ಒಂದೇ ಇರಬಹುದು, ನಡೆಯುವ ಕೆಲಸ ಒಂದೇ ಅಲ್ಲ.

ಆದರೆ ನೋವಿಗಿಂತ ಹಂಬಲದ ವಿವರಣೆಯೇ ಹಾಡಿಗೆ ಹೆಚ್ಚು ಹತ್ತಿರ. ತಿರಸ್ಕೃತರಾದರೂ ಪ್ರೀತಿ ಬಿಡದ 15 ಜನರನ್ನು 2010ರಲ್ಲಿ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ತಂಡ ಸ್ಕ್ಯಾನ್ ಮಾಡಿದಾಗ, ಚಟದಲ್ಲಿ ಕೆಲಸ ಮಾಡುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಮಿದುಳಿನ ಭಾಗ ಚಟುವಟಿಕೆಯಿಂದಿತ್ತು. ಸಂಗೀತ ಕೇಳಿ ಮೈ ಜುಮ್ಮೆನ್ನುವ ಕ್ಷಣದಲ್ಲಿ, ಬಯಕೆಗೆ ಸಂಬಂಧಿಸಿದ ಮಿದುಳಿನ ರಾಸಾಯನಿಕವಾದ ಡೋಪಮಿನ್ ಬಿಡುಗಡೆಯಾಗುವುದೂ ಇಲ್ಲೇ. ಆ ಕ್ಷಣ ಬರುವ ಮುನ್ನ, ಕಾಯುವಿಕೆಯಲ್ಲೇ, ಕಾಡೇಟ್ ಎಂಬ ಪಕ್ಕದ ಭಾಗದಲ್ಲೂ ಡೋಪಮಿನ್ ಏರುತ್ತದೆ.

ಹಾಗಾಗಿ ಮೊದಲ ಸಾಲಿನಲ್ಲೇ ಮುತ್ತು ಕೊಟ್ಟು ಮುಗಿಸುವ ಹಾಡು ತನ್ನ ಬಲವನ್ನು ತಾನೇ ಬಿಟ್ಟುಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ತುಟಿಯವರೆಗೆ ತಂದು, ಪಲ್ಲವಿಗೆ ಮರಳಿ, ಸ್ವರ ಒಂದು ಮೆಟ್ಟಿಲು ಏರಿದ ಮೇಲೆ ಆ ಪದ ಬಂದರೆ ಕೇಳುಗರ ಕಾಯುವಿಕೆಯೂ ಪ್ರೇಮಿಯ ಕಾಯುವಿಕೆಯೂ ಒಟ್ಟಿಗೆ ತೀರುತ್ತವೆ. ವಿರಹಗೀತೆಯಲ್ಲಿ ಅದು ತೀರುವುದೇ ಇಲ್ಲ. ಪಲ್ಲವಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.