ರಕ್ತವೇ ಇಲ್ಲದ ಗಿಡಕ್ಕೆ ಬ್ಯಾಕ್ಟೀರಿಯಾ ಬಂದದ್ದು ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನಮ್ಮ ಮೈಯಲ್ಲಿ ಬಿಳಿ ರಕ್ತಕಣಗಳಿವೆ. ಅವು ರೋಗಾಣುಗಳನ್ನು ಹುಡುಕಿ ಕೊಲ್ಲುತ್ತವೆ. ಗಿಡಕ್ಕೆ ರಕ್ತವೇ ಇಲ್ಲವಲ್ಲ, ಎಲೆಯೊಳಗೆ ಬ್ಯಾಕ್ಟೀರಿಯಾ ನುಗ್ಗಿದ್ದು ಅದಕ್ಕೆ ತಿಳಿಯುವುದು ಹೇಗೆ? ತಿಳಿದ ಮೇಲೆ ಏನು ಮಾಡುತ್ತದೆ?

ಉತ್ತರ: ಗಿಡದಲ್ಲಿ ಕಾವಲಿಗೆಂದು ಓಡಾಡುವ ಜೀವಕೋಶಗಳಿಲ್ಲ. ಹಾಗಾಗಿ ಪ್ರತಿ ಜೀವಕೋಶವೂ ತನ್ನ ಕಾವಲನ್ನು ತಾನೇ ನೋಡಿಕೊಳ್ಳುತ್ತದೆ. ಅದಕ್ಕೆ ಬೇಕಾದ ರಿಸೆಪ್ಟರ್‌ಗಳು, ಅಂದರೆ ಶತ್ರುವನ್ನು ಗುರುತಿಸುವ ಪ್ರೋಟೀನ್‌ಗಳು, ಬೀಜದಲ್ಲೇ ಬಂದಿರುತ್ತವೆ. ನಮ್ಮ ಹಾಗೆ ಒಮ್ಮೆ ಕಾಯಿಲೆ ಬಿದ್ದ ಮೇಲೆ ಹೊಸ ಆ್ಯಂಟಿಬಾಡಿ ತಯಾರಿಸಿಕೊಳ್ಳಲು ಗಿಡಕ್ಕೆ ಆಗುವುದಿಲ್ಲ.

ಬ್ಯಾಕ್ಟೀರಿಯಾ ಎಲೆಯೊಳಗೆ ಬರುವುದು ಪತ್ರರಂಧ್ರದಿಂದ, ಗಾಯದಿಂದ, ಇಲ್ಲವೇ ಎಲೆಯಂಚಿನ ನೀರುರಂಧ್ರದಿಂದ. ಬಂದ ಮೇಲೂ ಅದು ಜೀವಕೋಶದ ಒಳಗೆ ಹೋಗುವುದಿಲ್ಲ. ಹೆಚ್ಚಾಗಿ ಕೋಶಗಳ ನಡುವಿನ ಸಂದಿಯಲ್ಲಿ ಬೀಡು ಬಿಡುತ್ತದೆ. ಆದ್ದರಿಂದ ಗಿಡದ ಮೊದಲ ಸಾಲಿನ ರಿಸೆಪ್ಟರ್‌ಗಳು ಕೋಶದ ಪೊರೆಯ ಮೇಲಿರುತ್ತವೆ. ಅರ್ಧ ಹೊರಗೆ, ಅರ್ಧ ಒಳಗೆ.

ಇವುಗಳಲ್ಲಿ ಚೆನ್ನಾಗಿ ತಿಳಿದಿರುವುದು ಎಫ್‌ಎಲ್‌ಎಸ್2. ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಕಳೆಗಿಡದಲ್ಲಿ ಇದರ ಜೀನನ್ನು 2000ದಲ್ಲಿ ಸ್ವಿಟ್ಜರ್ಲೆಂಡಿನ ಥಾಮಸ್ ಬೋಲರ್ ಅವರ ತಂಡ ಗುರುತಿಸಿತು. ಅನೇಕ ಬ್ಯಾಕ್ಟೀರಿಯಾಗಳಿಗೆ ಈಜಲು ಬಾಲವಿರುತ್ತದೆ, ಅದು ಫ್ಲಾಜೆಲಿನ್ ಎಂಬ ಪ್ರೋಟೀನಿನಿಂದ ಆದದ್ದು. ಎಫ್‌ಎಲ್‌ಎಸ್2 ಇಡೀ ಬಾಲವನ್ನು ನೋಡುವುದಿಲ್ಲ. ಫ್ಲಾಜೆಲಿನ್‌ನ 22 ಅಮೈನೊ ಆಮ್ಲಗಳ ಒಂದು ತುಣುಕು ಸಾಕು. ಆ ತುಣುಕನ್ನೇ ಆರಿಸಿಕೊಂಡದ್ದು ಸುಮ್ನೆ ಅಲ್ಲ. ಬಾಲ ಸರಿಯಾಗಿ ಜೋಡಣೆಯಾಗಲು ಆ ಭಾಗ ಬೇಕೇ ಬೇಕು. ಅದನ್ನು ಬದಲಿಸಿಕೊಂಡು ತಪ್ಪಿಸಿಕೊಳ್ಳಲು ಹೋದರೆ ಬ್ಯಾಕ್ಟೀರಿಯಾಕ್ಕೆ ಈಜುವುದೇ ಕಷ್ಟವಾಗಬಹುದು.

ತುಣುಕು ಸಿಕ್ಕ ಆ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಫ್‌ಎಲ್‌ಎಸ್2ರ ಹೊರಭಾಗ ಉದ್ದನೆಯ, ಬಾಗಿದ ಪ್ರೋಟೀನು. ತುಣುಕು ಅದರ ಒಳಬಾಗಿನಲ್ಲಿ ಉದ್ದಕ್ಕೆ ಮಲಗುತ್ತದೆ. ಕೂಡಲೇ ಪಕ್ಕದಿಂದ ಬಿಎಕೆ1 ಎಂಬ ಇನ್ನೊಂದು ಪ್ರೋಟೀನು ಬಂದು ಒತ್ತಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ತುಣುಕೇ ಇವೆರಡನ್ನೂ ಅಂಟಿಸುತ್ತದೆ. ಹೊರಗೆ ಇವು ಹತ್ತಿರವಾದರೆ ಒಳಗಿನ ತುದಿಗಳೂ ಹತ್ತಿರವಾಗುತ್ತವೆ, ಒಂದಕ್ಕೊಂದು ಫಾಸ್ಫೇಟ್ ಎಂಬ ಚಾಲನೆಯ ಗುರುತು ಹಚ್ಚುತ್ತವೆ. ಅಲ್ಲಿಂದ ಸುದ್ದಿ ಬಿಐಕೆ1 ಎಂಬ ಪ್ರೋಟೀನಿಗೆ ಹೋಗುತ್ತದೆ.

ಮುಂದಿನದೆಲ್ಲ ನಿಮಿಷಗಳ ಲೆಕ್ಕ. ಕ್ಯಾಲ್ಸಿಯಂ ಕೋಶದೊಳಕ್ಕೆ ನುಗ್ಗುತ್ತದೆ. ಹೊರಗೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ಆಮ್ಲಜನಕದ ಕಣಗಳು ಹುಟ್ಟುತ್ತವೆ. ನೂರಾರು ಜೀನ್‌ಗಳ ಕೆಲಸ ಬದಲಾಗುತ್ತದೆ. ಆಮೇಲೆ ಕೋಶಭಿತ್ತಿಗೆ ಕ್ಯಾಲೋಸ್ ಎಂಬ ಗಟ್ಟಿ ಪದಾರ್ಥ ಮೆತ್ತಿಕೊಳ್ಳುತ್ತದೆ. ಒಂದು ಗಂಟೆಯೊಳಗೆ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ಹಿಂದೆ ಬರುವವರಿಗೆ ಬಾಗಿಲು ಬಂದ್!

ಬ್ಯಾಕ್ಟೀರಿಯಾವೂ ಕೈಕಟ್ಟಿ ಕೂರುವುದಿಲ್ಲ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಕೊರೊನಟೈನ್ ಎಂಬ ವಿಷ ಬಿಟ್ಟು, ಮುಚ್ಚಿದ ಪತ್ರರಂಧ್ರವನ್ನು ಮೂರು ನಾಲ್ಕು ಗಂಟೆಗಳಲ್ಲಿ ಮತ್ತೆ ತೆರೆಸುತ್ತವೆ. ಇನ್ನೂ ದೊಡ್ಡ ಆಯುಧ ಸೂಜಿಯಂಥ ಒಂದು ಕೊಳವೆ. ಅದರ ಮೂಲಕ ತಮ್ಮ ಪ್ರೋಟೀನ್‌ಗಳನ್ನು ನೇರವಾಗಿ ಗಿಡದ ಕೋಶದೊಳಗೆ ಚುಚ್ಚಿ, ಈ ಸುದ್ದಿ ಸಾಗಾಟವನ್ನೇ ಕೆಡಿಸುತ್ತವೆ.

ಇಲ್ಲಿ ಗಿಡ ತೋರುವ ಜಾಣತನ ನನಗೆ ಬಹಳ ಇಷ್ಟ. ಎಲೆಕೋಸು ಬೆಳೆಯುವವರಿಗೆ ಕಪ್ಪು ಕೊಳೆ ರೋಗ ಗೊತ್ತಿರುತ್ತದೆ, ಎಲೆಯಂಚಿನಿಂದ ಒಳಕ್ಕೆ ಮೂಲೆಯಾಕಾರದ ಹಳದಿ ಕಲೆ ಬರುತ್ತದಲ್ಲ, ಅದೇ. ಅದನ್ನು ತರುವ ಜಾಂಥೋಮೊನಾಸ್ ಬ್ಯಾಕ್ಟೀರಿಯಾ ಚುಚ್ಚುವ ಒಂದು ಪ್ರೋಟೀನು ಬಿಐಕೆ1ನ್ನು ಕೆಡಿಸುತ್ತದೆ. ಅರಾಬಿಡಾಪ್ಸಿಸ್‌ನಲ್ಲಿ ಬಿಐಕೆ1ನ್ನೇ ಹೋಲುವ ಪಿಬಿಎಲ್2 ಇದೆ. ಗಾಳಕ್ಕೆ ಸಿಕ್ಕಿಸಿದ ಎರೆಹುಳುವಿನ ಹಾಗೆ. ಬ್ಯಾಕ್ಟೀರಿಯಾ ಅದಕ್ಕೂ ಕೈಹಾಕುತ್ತದೆ. ಕೆಟ್ಟ ಪಿಬಿಎಲ್2ನ್ನು ಕೋಶದೊಳಗಿನ ಝಾರ್1 ಎಂಬ ರಿಸೆಪ್ಟರ್ ತನ್ನ ಜೊತೆಗಾರ ಪ್ರೋಟೀನಿನ ಮೂಲಕ ಹಿಡಿಯುತ್ತದೆ. ಅಂದರೆ ಝಾರ್1 ಕಳ್ಳನನ್ನು ನೋಡುವುದಿಲ್ಲ, ಕಳ್ಳತನವನ್ನು ನೋಡುತ್ತದೆ. ಐದು ಝಾರ್1ಗಳು ಸೇರಿ ಚಕ್ರದಂತೆ ಜೋಡಣೆಯಾಗುವುದನ್ನು 2019ರಲ್ಲಿ ಚೀನಾದ ಜಿಜೀ ಚಾಯ್ ಮತ್ತು ಸಂಗಡಿಗರು ತೋರಿಸಿದರು. ಆ ಚಕ್ರ ಪೊರೆಯಲ್ಲಿ ಕ್ಯಾಲ್ಸಿಯಂ ಹರಿಯುವ ದಾರಿ ಮಾಡುತ್ತದೆ. ಕೊನೆಗೆ ಆ ಕೋಶ ತಾನೇ ಸಾಯುತ್ತದೆ. ಜೀವಂತ ಕೋಶದ ಮೇಲೆ ಬದುಕುವ ಬ್ಯಾಕ್ಟೀರಿಯಾ ಅಲ್ಲೇ ಸಿಕ್ಕಿಬೀಳುತ್ತದೆ. ಗಿಡವೇ ತಯಾರಿಸುವ ಸ್ಯಾಲಿಸಿಲಿಕ್ ಆಮ್ಲ ಮುಂತಾದ ರಾಸಾಯನಿಕಗಳ ನೆರವಿನಿಂದ ದೂರದ ಎಲೆಗಳೂ ಎಚ್ಚರವಾಗುತ್ತವೆ.

ಇದರಿಂದ ರೈತರಿಗೇನು ಉಪಯೋಗ ಅಂತ ಕೇಳಬಹುದು. ಭತ್ತವನ್ನೇ ತೆಗೆದುಕೊಳ್ಳಿ. ದುಂಡಾಣು ಅಂಗಮಾರಿ ರೋಗದಲ್ಲಿ ಎಲೆಯ ತುದಿ ಮತ್ತು ಅಂಚು ಹಳದಿಯಾಗಿ, ಅಲೆಅಲೆಯಾಗಿ ಒಣಗುತ್ತಾ ಬರುತ್ತದೆ. ಅನುಮಾನ ಬಂದರೆ ರೋಗದ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಒಂದು ಲೋಟ ತಿಳಿನೀರಿನಲ್ಲಿ ಅದ್ದಿ ನೋಡಿ. ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ.

ಈ ರೋಗ ತಡೆಯುವ ಎಕ್ಸ್‌ಎ21 ರಿಸೆಪ್ಟರ್ ಬಂದದ್ದು ಆಫ್ರಿಕಾದ ಮಾಲಿ ದೇಶದ ಕಾಡುಭತ್ತದಿಂದ. 1995ರಲ್ಲಿ ಅಮೆರಿಕದ ಪಮೇಲಾ ರೊನಾಲ್ಡ್ ಅವರ ತಂಡ ಇದರ ಜೀನನ್ನು ಬಿಡಿಸಿ ತೆಗೆಯಿತು. ಅದು ಬ್ಯಾಕ್ಟೀರಿಯಾದ ಏನನ್ನು ಹಿಡಿಯುತ್ತದೆ ಎಂಬುದು ತಿಳಿದದ್ದು ಮಾತ್ರ 2015ರಲ್ಲಿ: ರ್‍ಯಾಕ್ಸ್‌ಎಕ್ಸ್ ಎಂಬ ಪುಟ್ಟ ಪ್ರೋಟೀನು. ಈ ಪ್ರೋಟೀನನ್ನು ಬದಲಿಸಿಕೊಂಡು ತಪ್ಪಿಸಿಕೊಳ್ಳುವ ತಳಿಗಳೂ ಇವೆ. ಒಂದೇ ರಿಸೆಪ್ಟರ್ ನಂಬಿ ಕೂರಬಾರದು ಎನ್ನುವುದು ಇದಕ್ಕೇ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ) ಮತ್ತು ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಿಪಿಟಿ 5204, ಅಂದರೆ ಸಾಂಬಾ ಮಸೂರಿಗೆ, ಎಕ್ಸ್‌ಎ21ರ ಜೊತೆ ಇನ್ನೆರಡು ಜೀನ್‌ಗಳನ್ನು ಸಾಮಾನ್ಯ ಅಡ್ಡತಳಿಯಿಂದಲೇ ಸೇರಿಸಿದರು. ಅವುಗಳಲ್ಲಿ ಎಕ್ಸ್‌ಎ13 ರಿಸೆಪ್ಟರೇ ಅಲ್ಲ. ಬ್ಯಾಕ್ಟೀರಿಯಾ ತನಗೆ ಬೇಕಾದ ಸಕ್ಕರೆ ಹೊರಬಿಡಿಸಲು ಒತ್ತುವ ಸ್ವಿಚ್ಚೇ ಅದರಲ್ಲಿ ಬದಲಾಗಿದೆ. ಈ ಮೂರನ್ನೂ ಒಟ್ಟಿಗೆ ದಾಟುವುದು ಬ್ಯಾಕ್ಟೀರಿಯಾಕ್ಕೆ ಬಹಳ ಕಷ್ಟ. ಪ್ರತಿವರ್ಷ ಅಂಗಮಾರಿ ಕಾಡುವ ಗದ್ದೆಯಾದರೆ ಬೀಜ ಕೊಳ್ಳುವಾಗ ಇಂಪ್ರೂವ್ಡ್ ಸಾಂಬಾ ಮಸೂರಿ ಎಂದೇ ಕೇಳಿ. ಯೂರಿಯಾ ಕೂಡ ಜಾಸ್ತಿ ಹಾಕಬೇಡಿ, ಸಾರಜನಕ ಹೆಚ್ಚಾದ ಪೈರಿನಲ್ಲಿ ಈ ರೋಗ ಬೇಗ ಹರಡುತ್ತದೆ.